ಇಟ್ಟಿಗೆಗೆ ಹೊಲಿದ ಅಂಗಿ

ಮಾರ್ಚ್ ೩, ಮಂಗಳವಾರ

"ಬೈಯೋದನ್ನೆಲ್ಲ ಇದರಲ್ಲಿ ಬರೆದುಬಿಡೇ, ಜನರ ಪಾಲಿಗೆ ಸ್ವಲ್ಪ ಕಡಿಮೆಯಾದ್ರೂ ಆಗ್ಲಿ" ಎಂದು ಅಮ್ಮ ಈ ಪುಸ್ತಕ ಕೊಟ್ಟಿದ್ದಾಳೆ. ಗಿರಾಕಿಗಳ ಅಳತೆ ಬರೆಯಲು ತಂದದ್ದು. ಮೊದಲ ಹಾಳೆಯಲ್ಲಿ ಯಾರದೋ ಸೊಂಟ, ತೋಳು, ಉದ್ದ ಇವೆ. ಇರಲಿ ಎಂದು ಬಿಟ್ಟಿದ್ದೇನೆ.

ಬೈಗುಳದಿಂದಲೇ ಶುರು ಮಾಡುತ್ತೇನೆ. ಕನ್ನಡಕದಣ್ಣ ಒಬ್ಬ ಕತ್ತೆ. ಬಜಾರಿನಲ್ಲಿ ಎಲ್ಲರಿಗೂ ಕನ್ನಡಕ ಮಾರುತ್ತಾನೆ, ತನ್ನ ಮೂಗಿನ ಮುಂದೆ ಇರುವುದು ಮಾತ್ರ ಅವನಿಗೆ ಕಾಣುವುದಿಲ್ಲ. ಸಂಜೆ ಅವನ ಇಟ್ಟಿಗೆ ಕೊಡಲು ಹೋಗಿದ್ದೆ. ಇಟ್ಟಿಗೆ ಎಂದರೆ ಬ್ಯಾಟರಿ ಪ್ಯಾಕು. ಆಕಾರ ಹಾಗಿರುವುದರಿಂದ ಬಜಾರಿನವರು ಹಾಗೆ ಕರೆಯುತ್ತಾರೆ. ಬೆಳಿಗ್ಗೆ ಎಲ್ಲರ ಇಟ್ಟಿಗೆಗಳನ್ನು ತಳ್ಳುಗಾಡಿಯಲ್ಲಿ ತಂದು, ನಮ್ಮ ತಾರಸಿಯ ಸೋಲಾರ್ ಪ್ಯಾನೆಲ್‌ಗಳಿಗೆ ಸಿಕ್ಕಿಸಿ, ಸಂಜೆ ದೀಪ ಹಚ್ಚುವ ಹೊತ್ತಿಗೆ ಅವರವರ ಅಂಗಡಿಗೆ ತಲುಪಿಸುವುದು ಮಾವನ ವ್ಯಾಪಾರ. ನಾನು ಶಾಲೆ ಬಿಟ್ಟ ಮೇಲೆ ಅದು ನನ್ನ ಕೆಲಸ.

ಅವನು ಇಟ್ಟಿಗೆಯನ್ನು ಕೆನ್ನೆಗೆ ಒತ್ತಿ ನೋಡಿ ವಾಪಸ್ಸು ಚಾಚಿದ.

"ಏನಮ್ಮ ಕಡ್ಡಿ, ನಂಗೆ ತಂಗಳು ಕೊಡ್ತಿದ್ದೀಯಾ?"

"ಫುಲ್ ಇದೆ ಅಣ್ಣ. ನಾಲ್ಕೂ ಚುಕ್ಕಿ ಉರೀತಿವೆ ನೋಡಿ."

"ಚುಕ್ಕಿ ಉರಿಯುತ್ತೆ, ಮೈ ತಣ್ಣಗಿದೆ. ಆಟಿಕೆಯವನಿಗೆ ಕೊಟ್ಟಿದ್ದು ಬಿಸಿಬಿಸಿ ಇತ್ತು. ನಾನೇನು ನಿಮ್ಮ ಮಾವನಿಗೆ ದಾಯಾದಿನಾ?"

ಇದು ಇಡೀ ಬಜಾರಿನ ನಂಬಿಕೆ. ಬಿಸಿ ಇದ್ದರೆ ಈಗಷ್ಟೇ ತುಂಬಿದ್ದು, ತಣ್ಣಗಿದ್ದರೆ ನಿನ್ನೆಯದು. ಅಡುಗೆಮನೆಯ ಲೆಕ್ಕ. ಮಾವನಿಗೆ ನಿಜ ಗೊತ್ತು. ಗೊತ್ತಿದ್ದೂ, ಕೊಡುವ ಮೊದಲು ಇಟ್ಟಿಗೆಗಳನ್ನು ಬಟ್ಟೆ ಒಣಹಾಕಿದ ಹಾಗೆ ಬಿಸಿಲಿಗೆ ಹರಡುತ್ತಾನೆ. ಇವತ್ತು ಅದನ್ನು ನಾನು ಬಜಾರಿನ ನಡುವೆ ಹೇಳಿಬಿಟ್ಟೆ. "ಬಿಸಿಲಿಗಿಟ್ರೆ ಎಲ್ಲಾ ಬಿಸಿಯಾಗುತ್ತೆ. ನಿಮ್ಮ ತಲೇನೂ ಬಿಸಿಯಾಗಿದೆ, ತುಂಬಿದೆ ಅಂತಾನಾ ಅರ್ಥ?"

ಕೊನೆಯ ಮಾತು ಬೇಕಿರಲಿಲ್ಲ. ಆದರೆ ಸುಳ್ಳಲ್ಲ.

ಮಾವ ಬೈದ. "ಮಾತು ಬಲ್ಲವನಿಗೆ ಜಗಳವಿಲ್ಲ ಅಂತಾರೆ. ನಿನಗೆ ಜಗಳ ಬಿಟ್ಟು ಬೇರೆ ಮಾತೇ ಬರಲ್ಲ. ಗಿರಾಕಿಗೆ ಬಿಸಿ ಬೇಕಾ, ಬಿಸಿ ಕೊಡು. ನಿನ್ನ ಗಂಟೇನು ಹೋಗುತ್ತೆ?"

ಕಡ್ಡಿ ಎಂಬ ಹೆಸರಿಟ್ಟವನೂ ಅವನೇ. ಮೈಯೂ ಕಡ್ಡಿ, ಮಾತೂ ಕಡ್ಡಿ ತುಂಡು ಮಾಡಿದ ಹಾಗೆ ಅಂತೆ. ಎರಡನ್ನೂ ಒಪ್ಪುತ್ತೇನೆ.

ಮಾರ್ಚ್ ೫, ಗುರುವಾರ

ಇಟ್ಟಿಗೆಯ ಡಬ್ಬಿಯಲ್ಲಿ ಬಂದಿದ್ದ ಕಾಗದದಲ್ಲಿ ಮಾವ ತಿಂಡಿ ತಿಂದ ಕೈ ಒರೆಸಿ ಎಸೆದಿದ್ದ. ತೊಳೆದು ಒಣಗಿಸಿ ಓದಿದೆ. ಬಿಸಿಲಿಗೆ ಇಡಬೇಡಿ. ಬಿಸಿಯಿದ್ದಾಗ ಚಾರ್ಜ್ ಮಾಡಬೇಡಿ. ಗಾಳಿ ಆಡಲಿ. ಉಬ್ಬಿದರೆ ಬಳಸಬೇಡಿ, ಒತ್ತಬೇಡಿ, ಚುಚ್ಚಬೇಡಿ. ಎಲ್ಲ ಚಿತ್ರ ಸಮೇತ ಇದೆ. ಸೂರ್ಯನ ಮೇಲೆ ಒಂದು ಅಡ್ಡಗೆರೆ ಎಳೆದಿದ್ದಾರೆ. ಇದಕ್ಕಿಂತ ಬಿಡಿಸಿ ಹೇಳಲು ಸಾಧ್ಯವೇ?

ಬೆಳಿಗ್ಗೆಯೇ ಎಲ್ಲ ಇಟ್ಟಿಗೆಗಳನ್ನು ನೀರಿನ ಟ್ಯಾಂಕಿನ ನೆರಳಿಗೆ ತಂದೆ. ಪ್ಯಾನೆಲ್ ಬಿಸಿಲಿನಲ್ಲಿ, ಇಟ್ಟಿಗೆ ನೆರಳಿನಲ್ಲಿ, ನಡುವೆ ಉದ್ದ ವೈರು. ಒಂದಕ್ಕೊಂದು ತಾಗದ ಹಾಗೆ ಹಲಗೆಯ ಮೇಲೆ ಸಾಲಾಗಿ ಇಟ್ಟೆ. ನೋಡಲು ಶಾಲೆಯ ಹಾಗೆ ಕಾಣುತ್ತಿತ್ತು. ಅದೊಂದು ಹಿಡಿಸಲಿಲ್ಲ.

ಮಧ್ಯಾಹ್ನ ಮೋಡ ಬಂತು. ಕೆಳಗೆ ಹೋಗಿ ಬರುವಷ್ಟರಲ್ಲಿ ಮಾವ ಒಂದು ಸಾಲಿನ ಕಂಟ್ರೋಲರ್ ಕಿತ್ತು, ಪ್ಯಾನೆಲ್ ವೈರನ್ನು ಇಟ್ಟಿಗೆಗಳಿಗೆ ನೇರವಾಗಿ ಜೋಡಿಸಿದ್ದ. ಕಂಟ್ರೋಲರ್ ಎಂದರೆ ನಡುವೆ ಕೂರುವ ಪುಟ್ಟ ಪೆಟ್ಟಿಗೆ. ಬಿಸಿಲು ಏರಿದಾಗ ಕರೆಂಟಿಗೆ ಕಡಿವಾಣ ಹಾಕುವುದು, ಇಟ್ಟಿಗೆ ತುಂಬಿದ ಮೇಲೆ ನಿಲ್ಲಿಸುವುದು ಅದರ ಕೆಲಸ.

"ಅದು ದಾರೀಲೇ ಕರೆಂಟು ತಿನ್ನುತ್ತೆ" ಎಂದ ಮಾವ.

"ಈಗ ಮೋಡ ಸರಿದು ಬಿಸಿಲು ಬಿತ್ತು ಅಂದ್ರೆ?"

"ಬಿದ್ರೆ ಬೇಗ ತುಂಬುತ್ತೆ."

"ಸಾಕು ಅನ್ನೋರಿಲ್ದೆ ಚೀಲ ತುಂಬಿದ್ರೆ ಹರಿಯುತ್ತೆ ಮಾವ."

"ನಾನು ರೇಡಿಯೋ ರಿಪೇರಿ ಮಾಡ್ತಿದ್ದಾಗ ನೀನು ಹುಟ್ಟಿರಲಿಲ್ಲ."

ಅವನು ಟೀಗೆ ಹೋದ. ನಾನು ವೈರು ಕಿತ್ತು ಕಂಟ್ರೋಲರ್ ವಾಪಸ್ಸು ಹಾಕಿದೆ. ಬಂದ, ಕಿತ್ತ. ಹೋದ, ಹಾಕಿದೆ. ಸಂಜೆಯವರೆಗೆ ಇದೇ ಆಟ. ಮೂರು ಇಟ್ಟಿಗೆ ಅರ್ಧಕ್ಕೇ ನಿಂತವು. ಬೈಗುಳ ತಿಂದವಳು ನಾನು.

ಶಾಲೆಯಲ್ಲೂ ಇದೇ ಆಗಿತ್ತು. ಮೇಷ್ಟ್ರು ಬೋರ್ಡಿನ ಮೇಲೆ ತಪ್ಪು ಉತ್ತರ ಬರೆದರು, ತಪ್ಪು ಎಂದೆ. ಹೊರಗೆ ನಿಲ್ಲು ಎಂದರು. ಹೊರಗೆ ನಿಂತೆ. ಆಮೇಲೆ ನಿಂತಲ್ಲಿ ನಿಲ್ಲಲಾಗದೆ ನಡೆದುಬಿಟ್ಟೆ. ವಾಪಸ್ಸು ಹೋಗಲಿಲ್ಲ.

ಮಾರ್ಚ್ ೧೪, ಶನಿವಾರ

ನಾನು ಹೇಳಿದ್ದೇ ಆಯಿತು. ಪಾತ್ರೆ ಅಕ್ಕನ ಇಟ್ಟಿಗೆ ಉಬ್ಬಿದೆ. ಮೇಜಿನ ಮೇಲಿಟ್ಟರೆ ತೊಟ್ಟಿಲಿನ ಹಾಗೆ ತೂಗುತ್ತದೆ.

ಬೆಳಿಗ್ಗೆ ತಳ್ಳುಗಾಡಿಯಲ್ಲಿ ಅದು ಕಾಣಲಿಲ್ಲ. ಸಂಜೆ ಅವಳ ಅಂಗಡಿ ದಾಟುವಾಗ ಕಣ್ಣಿಗೆ ಬಿತ್ತು. ನಿನ್ನೆಯ ಉಳಿದ ಚಾರ್ಜಿನಲ್ಲೇ ದೀಪ ಉರಿಸುತ್ತಿದ್ದಳು. ಅಲ್ಲಿಯೇ ಪ್ಲಗ್ ಕಿತ್ತೆ. ದೀಪ ಆರಿತು, ಕೊಳ್ಳುತ್ತಿದ್ದ ಹೆಂಗಸರು ಹಿಂದೆ ಸರಿದರು.

"ಏಯ್, ಏನೇ ಅದು, ಗಿರಾಕಿ ಇದ್ದಾರೆ."

"ಇದು ಉಬ್ಬಿದೆ ಅಕ್ಕ. ಯಾವಾಗ ಹೊತ್ತಿಕೊಳ್ಳುತ್ತೋ ಗೊತ್ತಿಲ್ಲ. ನಿಮ್ಮ ಅಂಗಡಿ ಒಂದೇ ಅಲ್ಲ, ಸಾಲಿಗೆ ಸಾಲೇ ಹೋಗುತ್ತೆ."

"ನಿನ್ನೆ ಸ್ವಲ್ಪ ದಪ್ಪ ಆಯ್ತು ಅಷ್ಟೇ. ನಾಳೆ ಇಳಿಯುತ್ತೆ."

"ಬಸುರಿ ಅಲ್ಲ ಅದು, ಇಳಿಯೋದಕ್ಕೆ. ನೋಡಿ ಎಲ್ರೂ, ಹೀಗೆ ಉಬ್ಬಿದ್ದನ್ನ ಇಟ್ಕೊಂಡಿದ್ದಾರೆ ನಿಮ್ಮ ಪಕ್ಕದಲ್ಲಿ."

ಇಟ್ಟಿಗೆಯನ್ನು ಎತ್ತಿ ಹಿಡಿದು ಸಾಲಿಗೆಲ್ಲ ತೋರಿಸಿದೆ. ಜನ ನೋಡಿದರು. ಪಾತ್ರೆ ಅಕ್ಕ ಕತ್ತಲಲ್ಲಿ ಪಾತ್ರೆ ಜೋಡಿಸಿಕೊಂಡು ಮನೆಗೆ ಹೋದಳು. ನಮ್ಮ ಹತ್ತಿರ ಬೇರೆ ಇಟ್ಟಿಗೆ ಇಲ್ಲ ಎಂದು ಮಾವ ಕೈ ಚೆಲ್ಲಿದ.

ಉಬ್ಬಿದ್ದನ್ನು ತಾರಸಿಯ ಮೂಲೆಯಲ್ಲಿ ಒಣ ಮರಳು ತುಂಬಿದ ತಗಡಿನ ಬಕೆಟ್ಟಿನಲ್ಲಿಟ್ಟೆ. ಹಳೆ ಬ್ಯಾಟರಿ ಒಯ್ಯುವ ಗಾಡಿಯವನು ಬಂದಾಗ ಕೊಡಬೇಕು. ಕಾಗದದಲ್ಲಿ ಹೇಗಿದೆಯೋ ಹಾಗೆಯೇ ಮಾಡಿದ್ದೇನೆ. ಯಾರೂ ಒಂದು ಒಳ್ಳೆಯ ಮಾತು ಆಡಲಿಲ್ಲ. ನನಗೆ ಅದು ಬೇಕಾಗಿಯೂ ಇಲ್ಲ.

ಬೇಕಾಗಿತ್ತು. ಸುಳ್ಳು ಬರೆಯಬಾರದು.

ಮಾರ್ಚ್ ೧೫, ಭಾನುವಾರ

ಪಾತ್ರೆ ಅಕ್ಕ ಅಂಗಡಿ ಹಾಕಿಲ್ಲ. ಎಲ್ಲರೂ ನನ್ನನ್ನು ನಾನೇ ಅವಳ ದೀಪ ಕದ್ದವಳು ಎಂಬಂತೆ ನೋಡುತ್ತಾರೆ.

ಮಾರ್ಚ್ ೨೬, ಗುರುವಾರ

ಆಮೇಲೆ ಒಂದೂ ಉಬ್ಬಿದ ಇಟ್ಟಿಗೆ ಬಂದಿಲ್ಲ. ಎಲ್ಲರಿಗೂ ಬುದ್ಧಿ ಬಂತು ಎಂದುಕೊಂಡಿದ್ದೆ. ಬುದ್ಧಿ ಎಲ್ಲಿ, ಬಂದಿರುವುದು ಅಂಗಿ.

ಹೌದು, ಇಟ್ಟಿಗೆಗಳಿಗೆ ಅಂಗಿ ತೊಡಿಸುತ್ತಿದ್ದಾರೆ. ಹೂವಿನ ಬಟ್ಟೆ, ಚೌಕಳಿ ಬಟ್ಟೆ, ಕೊರಳಿಗೆ ದಾರ. ಹೊಲಿದುಕೊಡುವವಳು ಬೇರೆ ಯಾರೂ ಅಲ್ಲ, ನಮ್ಮಮ್ಮ. ಬಜಾರಿನ ತುದಿಯಲ್ಲಿ ಹೊಲಿಗೆ ಯಂತ್ರ ಇಟ್ಟುಕೊಂಡು ಹಳೆ ಬಟ್ಟೆ ಬಿಗಿ ಮಾಡುವುದು, ಸಡಿಲ ಮಾಡುವುದು ಅವಳ ಕೆಲಸ. ಹಗಲು ಮನೆಯಲ್ಲಿ ಕತ್ತರಿಸುತ್ತಾಳೆ, ಸಂಜೆ ಬಜಾರಿನಲ್ಲಿ ನಮ್ಮದೇ ಇಟ್ಟಿಗೆಯ ದೀಪದಲ್ಲಿ ಹೊಲಿಯುತ್ತಾಳೆ. ಯಂತ್ರದ ಕೆಳಗೆ, ಅವಳ ಕಾಲ ಬಳಿ, ಮೊಣಕಾಲೆತ್ತರ ಬಟ್ಟೆ ಚೂರು. ಅದರ ನಡುವೆ ಇಟ್ಟಿಗೆ.

"ಬೆಚ್ಚಗಿರ್ಲಿ ಅಂತ ಕೇಳ್ತಾರೆ ಕಣೇ" ಎಂದಳು.

"ಬೆಚ್ಚಗಿರಬಾರದು ಅಂತ ನಾನು ಬಡ್ಕೋತಿದ್ದೀನಿ."

"ತಿಂಗಳಿಂದ ಕೆಲಸ ಇಲ್ಲ. ಬಂದ ಕೆಲಸ ಬೇಡ ಅನ್ಲಾ?"

"ಬೇರೆಯವರ ಮನೆಗೆ ಬೆಂಕಿ ಹಚ್ಚೋ ಕೆಲಸ ಬಂದ್ರೂ ಬೇಡ ಅನ್ನಲ್ವಾ?"

ಅಮ್ಮ ಬಾಯಿಗೆ ಗುಂಡುಸೂಜಿ ಕಚ್ಚಿಕೊಂಡಳು. ಬಾಯಲ್ಲಿ ಸೂಜಿ ಇದ್ದಾಗ ಅವಳು ಯಾರಿಗೂ ಉತ್ತರ ಕೊಡುವುದಿಲ್ಲ. ಗೋರ್ಕಲ್ಲ ಮೇಲೆ ಮಳೆ ಸುರಿದ ಹಾಗೆ.

ಅವಳ ಇಟ್ಟಿಗೆಗೂ ಅಂಗಿ ಇದೆ. ನೀಲಿಯದು. ಚೆನ್ನಾಗಿದೆ. ಅದಕ್ಕೇ ಇನ್ನೂ ಹೊಟ್ಟೆ ಉರಿಯುತ್ತದೆ.

ಏಪ್ರಿಲ್ ೨, ಗುರುವಾರ

ತಾರಸಿಯ ನೆಲ ಬರಿಗಾಲಿಗೆ ಹೆಂಚು. ಅಂಗಿ ತೊಟ್ಟ ಇಟ್ಟಿಗೆಗಳು ನೆರಳಿನಲ್ಲೂ ಕಾಯುತ್ತಿವೆ. ಕಳೆದ ವಾರ ದಾರ ಬಿಚ್ಚಿ ಅಂಗಿ ತೆಗೆಯುತ್ತಿದ್ದೆ. ಈಗ ದಾರವೇ ಇಲ್ಲ, ಸುತ್ತಲೂ ಕೈಹೊಲಿಗೆ. ವೈರು ತೂರಿಸಲು ಒಂದು ಕಿಂಡಿ ಬಿಟ್ಟು ಎಲ್ಲ ಮುಚ್ಚಿದೆ.

ಕತ್ತರಿ ತಂದೆ. ಮಾವ ಕೈ ಹಿಡಿದ.

"ಒಂದು ಹೊಲಿಗೆ ಬಿಚ್ಚಿದ್ರೂ ಇಟ್ಟಿಗೆ ಕೊಡಲ್ಲ ಅಂದಿದ್ದಾರೆ. ಬೀದಿ ಕಂಬದಿಂದ ಕರೆಂಟು ಎಳ್ಕೊಂಡು ತಾವೇ ಚಾರ್ಜ್ ಮಾಡ್ಕೋತಾರಂತೆ. ಅದು ಬೇಕಾ ನಿನಗೆ?"

ಬೇಡ. ಕಂಬದಿಂದ ಕದ್ದು ಎಳೆದ ಕರೆಂಟಿಗೆ ಹೋಲಿಸಿದರೆ ನಮ್ಮ ತಾರಸಿಯೇ ವಾಸಿ. ಕತ್ತರಿ ಕೆಳಗಿಟ್ಟೆ. ಒಂದು ಷರತ್ತು ಹಾಕಿದೆ, ಯಾವ ಸಾಲಿಗೂ ಕಂಟ್ರೋಲರ್ ಕೀಳುವಂತಿಲ್ಲ. ಮಾವ ಒಪ್ಪಿದ. ಒಂದು ಪೆಟ್ಟಿಗೆ ಸುಟ್ಟೇಹೋಗಿತ್ತು, ಬದಲಾಯಿಸಿದ್ದಾನೆ.

ಅಂಗಿಯ ಮೇಲೆ ಕೈಯಿಟ್ಟು ನೋಡಿದೆ, ಎಲ್ಲ ಚಪ್ಪಟೆಯಾಗಿವೆ. ಉಬ್ಬಿಲ್ಲ. ಅದೊಂದೇ ಸಮಾಧಾನ.

ಏಪ್ರಿಲ್ ೯, ಗುರುವಾರ

ಇವತ್ತಿನದನ್ನು ಆದದ್ದು ಆದ ಹಾಗೆಯೇ ಬರೆಯುತ್ತೇನೆ.

ಬೆಳಿಗ್ಗೆ ತಾರಸಿಗೆ ಹೋದಾಗ ಒಂದು ವಾಸನೆ. ಸಿಹಿ ವಾಸನೆ, ಉಗುರಿಗೆ ಹಚ್ಚುವ ಬಣ್ಣದ ಬಾಟಲಿ ತೆರೆದ ಹಾಗೆ. ಕಾಗದದಲ್ಲಿ ಅದೂ ಇತ್ತು, ವಾಸನೆ ಬಂದರೆ ಒಳಗಿನದು ಸೋರುತ್ತಿದೆ ಎಂದರ್ಥ. ಎಲ್ಲ ವೈರು ಕಿತ್ತು, ನಾಯಿಯ ಹಾಗೆ ಒಂದೊಂದನ್ನೇ ಮೂಸುತ್ತ ಹೋದೆ. ಹೂವಿನ ಅಂಗಿ, ಅಲ್ಲ. ಚೌಕಳಿ, ಅಲ್ಲ. ನೀಲಿ ಅಂಗಿಯ ಹತ್ತಿರ ಬಂದಾಗ ತಲೆ ಸುತ್ತಿತು.

ಅಂಚಿನ ಹೊಲಿಗೆಯನ್ನಷ್ಟೇ ಬ್ಲೇಡಿನಿಂದ ಬಿಡಿಸಿದೆ. ಒಳಗೆ ನಾಲ್ಕೂ ಅಂಚಿಗೆ ದಪ್ಪ ಬಟ್ಟೆ ಮಡಚಿ ಮಡಚಿ ತುಂಬಿದ್ದಾಳೆ. ನಡುವೆ ಮಾತ್ರ ತೆಳು ಬಟ್ಟೆ. ಇಟ್ಟಿಗೆಯ ಹೊಟ್ಟೆ ದಿಂಬಿನಂತೆ ಉಬ್ಬಿದೆ, ಅಂಚಿಗೆ ತುಂಬಿದ ಬಟ್ಟೆಯಿಂದಾಗಿ ಹೊರಗೆ ನೋಡಿದರೆ ಚಪ್ಪಟೆ.

ಹೊಟ್ಟೆ ಮುಚ್ಚುವ ಹೊಲಿಗೆ. ಬೊಜ್ಜು ಕಾಣಬಾರದು ಎಂದು ಬರುವ ಹೆಂಗಸರಿಗೆ ಅಮ್ಮ ವರ್ಷಾನುಗಟ್ಟಲೆ ಹೊಲಿದುಕೊಟ್ಟಿರುವುದು ಇದನ್ನೇ. ಅದಕ್ಕೇ ಅವಳು ಹೆಸರುವಾಸಿ.

ಉಳಿದವನ್ನೂ ಬಿಡಿಸಿದೆ. ಇನ್ನೂ ನಾಲ್ಕು ಉಬ್ಬಿವೆ. ಎಲ್ಲದರ ಅಂಚಿಗೂ ಬಟ್ಟೆ. ಒಂದೊಂದನ್ನೂ ಬೇರೆ ಬೇರೆ ಬಕೆಟ್ಟಿನಲ್ಲಿ, ಮರಳಿನಲ್ಲಿ, ದೂರ ದೂರ ಇಟ್ಟೆ. ಆಮೇಲೆ ಕೆಳಗೆ ಹೋದೆ. ಅಮ್ಮ ನೆಲದ ಮೇಲೆ ಬಟ್ಟೆ ಹರಡಿ ಸೀಮೆಸುಣ್ಣದಿಂದ ಗೆರೆ ಎಳೆಯುತ್ತಿದ್ದಳು. ನೀಲಿ ಅಂಗಿಯನ್ನು ಅವಳ ಮುಂದೆ ಹಾಕಿದೆ.

"ಬೆಚ್ಚಗಿರ್ಲಿ ಅಂತ ಅಲ್ವಾ ಹೊಲಿದಿದ್ದು?"

ಅವಳು ಗೆರೆ ಮುಗಿಸಿದಳು.

"ಬೆಚ್ಚಗಿರೋಕೆ ಅಂತ ಯಾರೂ ಕೇಳ್ಲಿಲ್ಲ. ನಿನ್ನ ಕಣ್ಣಿಗೆ ಬೀಳದ ಹಾಗೆ ಹೊಲಿದುಕೊಡು ಅಂದ್ರು."

"ನಿನಗೆ ಗೊತ್ತಿತ್ತು, ಉಬ್ಬಿದ್ರೆ ಏನಾಗುತ್ತೆ ಅಂತ."

"ನೀನು ಹೇಳೋದು ಬೀದಿ ಕೊನೇವರೆಗೂ ಕೇಳಿಸುತ್ತೆ, ಗೊತ್ತಿಲ್ದೆ ಇರುತ್ತಾ? ಪಾತ್ರೆಯವಳ ದೀಪ ಕಿತ್ತು ಬಜಾರಿನ ಮುಂದೆ ಕುಣಿದೆಯಲ್ಲ, ಅವತ್ತಿಂದ ಒಬ್ಬೊಬ್ಬರೇ ಬಂದ್ರು. ಕತ್ತಲಲ್ಲಿ ಕೂತು ವ್ಯಾಪಾರ ಮಾಡೋಕಾಗುತ್ತಾ? ಮಾನ ಕಳ್ಕೊಂಡು ಕೂರೋಕಾಗುತ್ತಾ?"

"ಅವರು ಸರಿ. ನೀನು? ನಾನು ನಿನ್ನ ಮಗಳು. ನನಗೆ ಹೇಳಬಹುದಿತ್ತಲ್ಲ."

"ಮನೇಲಿ ಬೈಸ್ಕೊಂಡು, ಬಜಾರಲ್ಲೂ ಬೈಸ್ಕೊಳ್ಳೋಕೆ ನನ್ನಿಂದ ಆಗಲ್ಲ ಕಣೇ. ಬೇರೆಯವರಿಗೆ ಬರೀ ಬಜಾರು."

ಅವಳ ಕಾಲ ಬಳಿ ಬಟ್ಟೆ ಚೂರಿನ ರಾಶಿ ಇತ್ತು. ಅದನ್ನೇ ನೋಡುತ್ತ ನಿಂತೆ. ನನ್ನ ಹತ್ತಿರ ಹತ್ತು ಉತ್ತರಗಳಿದ್ದವು, ಹತ್ತೂ ನಿಜ. ಅವನ್ನು ಅಲ್ಲಿಯೇ ಬಿಟ್ಟು ತಾರಸಿಗೆ ವಾಪಸ್ಸು ಹತ್ತಿದೆ. ಕೆಟ್ಟ ಸಿಟ್ಟು. ಯಾರ ಮೇಲೆ ಎಂದು ಬರೆಯಲು ಆಗುತ್ತಿಲ್ಲ.

ಏಪ್ರಿಲ್ ೧೦, ಶುಕ್ರವಾರ

ಮಧ್ಯಾಹ್ನ ಅಮ್ಮನ ಇಟ್ಟಿಗೆ ಹೋಯಿತು.

ಮೊದಲು ಹಾವು ಬುಸುಗುಟ್ಟಿದ ಹಾಗೆ ಶಬ್ದ. ಬಕೆಟ್ಟಿನಿಂದ ಬಿಳಿ ಹೊಗೆ ಎದ್ದಿತು. ಮಾವ ಹತ್ತಿರ ಹೋಗಲು ನೋಡಿದ, ಅವನ ಅಂಗಿ ಹಿಡಿದು ಹಿಂದಕ್ಕೆ ಎಳೆದೆ. ಮೆಟ್ಟಿಲಿನ ಬಾಗಿಲು ಹಾಕಿಕೊಂಡು ಕಿಟಕಿಯಿಂದ ನೋಡಿದೆವು. ಮರಳನ್ನು ಒದ್ದುಕೊಂಡು ಬೆಂಕಿ ಎದ್ದಿತು, ಸ್ಟೌ ಬರ್ನರಿನ ಹಾಗೆ ನೇರ, ಜೋರು. ಮುಗಿದ ಮೇಲೆ ಬಕೆಟ್ಟಿನ ತಳ ಕಪ್ಪಾಗಿ ಸೊಟ್ಟಗಾಗಿತ್ತು. ಸುತ್ತ ಸಿಮೆಂಟು ಬಿಟ್ಟು ಏನೂ ಇರಲಿಲ್ಲ, ಅದಕ್ಕೇ ಏನೂ ಆಗಲಿಲ್ಲ.

ಮೊನ್ನೆ ಸಂಜೆ ಅದು ಅಮ್ಮನ ಪಾದದಿಂದ ಒಂದು ಗೇಣು ದೂರದಲ್ಲಿತ್ತು.

ಮಾವ ಮೆಟ್ಟಿಲ ಮೇಲೆ ಕೂತ. "ಕಂಟ್ರೋಲರ್ ಕಿತ್ತ ಸಾಲಲ್ಲೇ ಇತ್ತಲ್ವಾ ಇದು?" ಎಂದು ಕೇಳಿದ. ಇತ್ತು. ಹೌದು ಎಂದೆ.

ಇಷ್ಟಾದ ಮೇಲಾದರೂ ಎಲ್ಲರೂ ಎಚ್ಚೆತ್ತುಕೊಳ್ಳಬೇಕಲ್ಲ. ಇಲ್ಲ. ನಾನು ಅಂಗಿ ಬಿಚ್ಚುತ್ತಿದ್ದೇನೆ ಎಂಬ ಸುದ್ದಿ ನಿನ್ನೆಯೇ ಬಜಾರಿಗೆ ಮುಟ್ಟಿದೆ. ಇವತ್ತು ಅರ್ಧದಷ್ಟು ಜನ ಇಟ್ಟಿಗೆ ಕಳಿಸಿಯೇ ಇಲ್ಲ. ಉಬ್ಬದವರು ಕಳಿಸಿದ್ದಾರೆ, ಕಳಿಸದವರು ಉಬ್ಬಿದವರು. ಅವೆಲ್ಲ ಈಗ ಎಲ್ಲಿವೆ? ಮಂಚದ ಕೆಳಗೋ, ಬಟ್ಟೆ ಪೆಟ್ಟಿಗೆಯಲ್ಲೋ, ಮಕ್ಕಳು ಮಲಗುವ ಕಡೆಯೋ.

ಏಪ್ರಿಲ್ ೧೧, ಶನಿವಾರ

ಸುಟ್ಟ ಬಕೆಟ್ಟನ್ನು ಬಜಾರಿನ ನಡುವೆ ಇಟ್ಟು ಎಲ್ಲರ ಮುಂದೆ ಹೇಳಿಬಿಡುತ್ತೇನೆ ಎಂದು ಹೊರಟೆ. ಅಮ್ಮ ಬಾಗಿಲಿಗೆ ಅಡ್ಡ ನಿಂತಳು.

"ಏನು ಹೇಳ್ತೀಯ?"

"ಇದ್ದದ್ದು ಇದ್ದ ಹಾಗೆ."

"ಆಮೇಲೆ?"

"ಆಮೇಲೆ ತಂದುಕೊಡ್ತಾರೆ."

"ಇನ್ನೂ ಒಳಗೆ ಬಚ್ಚಿಡ್ತಾರೆ. ನಾನಾಗಿದ್ರೆ ಅದನ್ನೇ ಮಾಡ್ತಿದ್ದೆ. ಮಾಡಿದ್ನಲ್ಲ."

ಇಬ್ಬರೂ ಹೊಸ್ತಿಲ ಮೇಲೆ ಕೂತೆವು. ಜಗಳವಾಡುತ್ತಲೇ ಒಂದು ದಾರಿಗೆ ಬಂದೆವು. ಅವರಿಗೆ ಬೇಕಾಗಿರುವುದು ಇಟ್ಟಿಗೆಯಲ್ಲ, ಬೆಳಕು. ಅಕ್ಕಪಕ್ಕದ ಎರಡು ಅಂಗಡಿಗೆ ಒಂದು ಒಳ್ಳೆಯ ಇಟ್ಟಿಗೆ, ಅದರಿಂದ ಎರಡು ದೀಪ. ಬೇಗ ಮುಗಿಯುತ್ತದೆ, ಅಂಗಡಿ ಸ್ವಲ್ಪ ಬೇಗ ಮುಚ್ಚಬೇಕು. ಮಾವ ದೊಡ್ಡ ಅಂಗಡಿಯವರಿಗೆಂದು ಬೀರುವಿನಲ್ಲಿ ಬಚ್ಚಿಟ್ಟುಕೊಂಡಿರುವ ಹೊಸ ಇಟ್ಟಿಗೆಗಳನ್ನೂ ಹೊರಗೆ ತೆಗೆಯಬೇಕು. ಉಬ್ಬಿದ್ದು ತಂದವರ ಕೈಗೆ ಅಲ್ಲಿಯೇ ಬೆಳಕು ಕೊಡಬೇಕು.

"ಮತ್ತೆ ನೀನು ಒಂದು ಮಾತೂ ಆಡಬಾರದು" ಎಂದಳು ಅಮ್ಮ.

"ಬೈಯಲ್ಲ."

"ಬೈಯೋದು ಬೇರೆ. ಮಾತೇ ಆಡಬಾರದು. ನಿನಗೆ ನಡುವೆ ನಿಲ್ಲಿಸೋಕೆ ಬರಲ್ಲ."

"ಯಾವಾಗಿಂದ ಉಬ್ಬಿದೆ ಅಂತ ಕೇಳೋದೂ ಬೇಡ್ವಾ?"

"ಬೇಡ."

"ಅದು ಗೊತ್ತಾಗಬೇಕಮ್ಮ."

"ನಿನಗೆ ಇಟ್ಟಿಗೆ ಬೇಕೋ, ತಪ್ಪು ಒಪ್ಪಿಸೋದು ಬೇಕೋ?"

ಇಟ್ಟಿಗೆ ಬೇಕು. ಎರಡೂ ಬೇಕಿತ್ತು, ಆದರೆ ಇಟ್ಟಿಗೆ ಬೇಕು.

ಮಾವ ಬೀರುವಿನ ಕೀಲಿ ಕೊಡುವ ಮೊದಲು ಗೊಣಗಿದ. ಗೊಣಗಿದ್ದಷ್ಟೇ, ಕೊಡುವುದಿಲ್ಲ ಎನ್ನಲಿಲ್ಲ.

ಏಪ್ರಿಲ್ ೧೩, ಸೋಮವಾರ

ಉಬ್ಬಿದ್ದು ತಂದರೆ ಅಲ್ಲಿಯೇ ಬೆಳಕು ಸಿಗುತ್ತದೆ ಎಂದು ಅಮ್ಮ ನಿನ್ನೆಯೇ ಬಜಾರಿಗೆಲ್ಲ ಹೇಳಿ ಬಂದಿದ್ದಳು. ಅಮ್ಮನ ಅಂಗಡಿಯ ಪಕ್ಕ ಸ್ಟೂಲು ಹಾಕಿಕೊಂಡು ಕೂತೆ. ಅಮ್ಮ ನನ್ನ ತುಟಿಗಳ ನಡುವೆ ಎರಡು ಗುಂಡುಸೂಜಿ ಸಿಕ್ಕಿಸಿದಳು. "ಬಾಯಿ ಬಿಟ್ರೆ ನುಂಗ್ತೀಯ, ನೆನಪಿರ್ಲಿ" ಎಂದಳು.

ಮೊದಲು ಬಂದವಳು ಪಾತ್ರೆ ಅಕ್ಕ. ಅವಳ ಬಳಿ ಕೊಡಲು ಏನೂ ಇಲ್ಲ, ಅವಳದನ್ನು ನಾನು ಎಂದೋ ಕಿತ್ತುಕೊಂಡಿದ್ದೇನೆ. ಬಂದು ಸುಮ್ಮನೆ ನಿಂತಳು. ಬೀರುವಿನಿಂದ ಅಮ್ಮನಿಗೆ ಬಂದ ಹೊಸ ಇಟ್ಟಿಗೆಗೆ ಎರಡನೇ ವೈರು ಸಿಕ್ಕಿಸಿ, ಅವಳ ದೀಪದವರೆಗೆ ಎಳೆದುಕೊಟ್ಟೆ. ದೀಪ ಹೊತ್ತಿತು. ಪಾತ್ರೆಗಳೆಲ್ಲ ಒಂದೇ ಸಲ ಹೊಳೆದವು. ಅವಳು ನನ್ನ ಕಡೆ ನೋಡಲಿಲ್ಲ, ಒಂದು ಲೋಟ ನೀರು ತಂದು ಸ್ಟೂಲಿನ ಪಕ್ಕ ಇಟ್ಟು ಹೋದಳು. ಬಾಯಲ್ಲಿ ಸೂಜಿ ಇಟ್ಟುಕೊಂಡವಳಿಗೆ ನೀರು.

ಅದಾದ ಮೇಲೆ ಒಬ್ಬೊಬ್ಬರೇ ಬಂದರು. ಟವೆಲಿನಲ್ಲಿ ಸುತ್ತಿ, ಪ್ಲಾಸ್ಟಿಕ್ ಚೀಲದಲ್ಲಿ ಹಾಕಿ. ಆಟಿಕೆಯವನು ಗೊಂಬೆಗಳ ಡಬ್ಬಿಯಲ್ಲಿ ತಂದ. ಉಬ್ಬನ್ನು ಇಳಿಸಲು ಅದರ ಮೇಲೆ ರುಬ್ಬುವ ಕಲ್ಲು ಇಟ್ಟಿದ್ದನಂತೆ, ತಾನೇ ಹೇಳಿದ. ರುಬ್ಬುವ ಕಲ್ಲು. ನನ್ನ ಬಾಯಲ್ಲಿದ್ದ ಒಂದು ಸೂಜಿ ಬಗ್ಗಿದೆ, ಸಾಕ್ಷಿಗೆ ಇದೇ ಹಾಳೆಗೆ ಚುಚ್ಚಿ ಇಟ್ಟಿದ್ದೇನೆ.

ಕೊನೆಗೆ ಕನ್ನಡಕದಣ್ಣ ಬರಿಗೈಯಲ್ಲಿ ಬಂದು ನಿಂತ. "ಏನಮ್ಮ ಕಡ್ಡಿ, ನಾಲಿಗೆ ರಿಪೇರಿಗೆ ಕೊಟ್ಟಿದ್ದೀಯಾ?"

ತಲೆಯಾಡಿಸಿದೆ.

"ಈಗ ನನ್ನದೂ ಉಬ್ಬಿದೆ ಅಂದ್ರೆ ಏನಂತೀಯ?"

ಮರಳಿನ ಬಕೆಟ್ಟು ತೋರಿಸಿದೆ.

"ಇಷ್ಟೇನಾ? ಬೈಗುಳ ಕೇಳಿ ಎರಡು ವಾರ ಆಯ್ತು, ಊಟ ರುಚಿಸ್ತಿಲ್ಲ."

ಅಮ್ಮ ಯಂತ್ರ ತುಳಿಯುತ್ತಲೇ ನಕ್ಕಳು. ನನಗೆ ನಗು ಬರಲಿಲ್ಲ. ಬಂತು, ಸೂಜಿಯಿಂದಾಗಿ ನಗಲಾಗಲಿಲ್ಲ.

ಏಪ್ರಿಲ್ ೧೪, ಮಂಗಳವಾರ

ಕನ್ನಡಕದಣ್ಣ ತಂದುಕೊಟ್ಟ. ಅವನದೇ ಎಲ್ಲಕ್ಕಿಂತ ದೊಡ್ಡ ಹೊಟ್ಟೆ. ಪಕ್ಕದ ಚಪ್ಪಲಿ ಅಂಗಡಿಯವನ ಜೊತೆ ಇಟ್ಟಿಗೆ ಹಂಚಿಕೊಳ್ಳಲು ಒಲ್ಲೆ ಎಂದು ಅರ್ಧ ಸಂಜೆ ತಕರಾರು ಮಾಡಿದ. ಇವರಿಗೆ ಬೆಂಕಿಯ ಭಯವಿಲ್ಲ, ಪಕ್ಕದವನ ಭಯ. ತಲೆ ಸಿಡಿಯುತ್ತಿದೆ.

ಏಪ್ರಿಲ್ ೨೨, ಬುಧವಾರ

ಹಳೆ ಬ್ಯಾಟರಿ ಒಯ್ಯುವ ಗಾಡಿ ಬಂದು ಬಕೆಟ್ಟುಗಳನ್ನು ಖಾಲಿ ಮಾಡಿತು. ತಾರಸಿ ದೊಡ್ಡದಾಗಿ ಕಾಣುತ್ತಿದೆ.

ಅಮ್ಮ ಅಂಗಿಗಳನ್ನೆಲ್ಲ ಬಿಡಿಸಿ ಒಂದಕ್ಕೊಂದು ಜೋಡಿಸಿ ದೊಡ್ಡ ಪರದೆ ಹೊಲಿದಿದ್ದಾಳೆ. ಟ್ಯಾಂಕಿನ ನೆರಳು ಮಧ್ಯಾಹ್ನ ಸಾಲುವುದಿಲ್ಲ, ಅಲ್ಲಿ ಕಟ್ಟಿದ್ದೇವೆ. ಕೆಳಗೆ ಗಾಳಿ ಆಡುತ್ತದೆ. ಎರಡು ಕಡೆ ಹೊಲಿಗೆ ಸೊಟ್ಟಗಿದೆ, ಹೇಳಿದೆ. ನೀನೇ ಹೊಲಿ ಎಂದಳು.

ಬಿಸಿ ಇಟ್ಟಿಗೆ ಕೇಳುವವರು ಇನ್ನೂ ಇದ್ದಾರೆ. ಎಂಥ ಜನ.

ಮೇ ೭, ಗುರುವಾರ

ಇವತ್ತಿನದು ಎಲ್ಲಕ್ಕಿಂತ ಕೆಟ್ಟದ್ದು.

ಮಧ್ಯಾಹ್ನ ಒಬ್ಬ ಹೆಂಗಸು ಏದುಸಿರು ಬಿಡುತ್ತ ಮೆಟ್ಟಿಲು ಹತ್ತಿ ಬಂದಳು. ನಾನು ಎಂದೂ ನೋಡಿದವಳಲ್ಲ. ಸೊಂಟದಲ್ಲಿ ಕೂಸನ್ನು ಹೊತ್ತ ಹಾಗೆ ಒಂದು ಗಂಟು ಹೊತ್ತಿದ್ದಳು. ಪರದೆಯ ಕೆಳಗೆ ಕೂತು ಗಂಟು ಬಿಚ್ಚಿದಳು. ಸೀರೆಯ ತುಂಡಿನೊಳಗೆ ಇಟ್ಟಿಗೆ, ದಿಂಬಿನಷ್ಟು ಉಬ್ಬಿದ್ದು, ಅದೇ ಸಿಹಿ ವಾಸನೆ. ನಮ್ಮದಲ್ಲ. ನಮ್ಮ ಬಜಾರಿನದೂ ಅಲ್ಲ.

ಬಕೆಟ್ಟು ತಂದು, ಎರಡು ಕೈಯಲ್ಲಿ ಮೆಲ್ಲಗೆ ಎತ್ತಿ ಮರಳಿನೊಳಗಿಟ್ಟು ದೂರದ ಮೂಲೆಗೆ ಒಯ್ದೆ. ವಾಪಸ್ಸು ಬಂದು ಕೇಳಿದೆ.

"ಎಲ್ಲಿಂದ ತಂದ್ರಿ?"

"ಹೊಳೆ ಆಚೆಯಿಂದ. ಬಸ್ಸಲ್ಲಿ."

"ಬಸ್ಸಲ್ಲಿ ಎಲ್ಲಿಟ್ಟಿದ್ರಿ?"

"ತೊಡೆ ಮೇಲೆ. ಜನ ತುಂಬಿದ್ರು, ಕೆಳಗಿಟ್ರೆ ತುಳೀತಾರೆ ಅಂತ."

ತುಂಬಿದ ಬಸ್ಸು. ತೊಡೆಯ ಮೇಲೆ. ಕಿಟಕಿಯ ಬಿಸಿಲಿನಲ್ಲಿ. ಸೂಜಿ ಹತ್ತಿರ ಇರಲಿಲ್ಲ. ನಾಲಿಗೆಯನ್ನೇ ಕಚ್ಚಿಕೊಂಡೆ, ಈಗಲೂ ನೋಯುತ್ತಿದೆ. ನೀರು ತಂದುಕೊಟ್ಟೆ. ಅವಳು ಕುಡಿದು, ಸೆರಗಿನಿಂದ ಬಾಯಿ ಒರೆಸಿಕೊಂಡು ನನ್ನ ಮುಖ ನೋಡಿದಳು.

"ನಮ್ಮ ಕಡೆ ತೋರಿಸಿದ್ರೆ ಬೈತಾರೆ, ಅದಕ್ಕೇ ಇಷ್ಟು ದಿನ ಇಟ್ಕೊಂಡಿದ್ದೆ. ಆ ತಾರಸಿಗೆ ಹೋಗು, ಅಲ್ಲಿರೋ ಹುಡುಗಿ ಬೈಯಲ್ಲ ಅಂದ್ರು. ಇವತ್ತು ಅವಳಿಲ್ವಾ?"

ಯಾರು ಹೇಳಿದ್ದು ಎಂದು ಕೇಳಿದೆ. ಕನ್ನಡಕ ಮಾರುವವನಂತೆ. ಕತ್ತೆ.

ತಮ್ಮ ಸಾಲಿನಲ್ಲಿ ಇನ್ನೂ ಮೂರ್ನಾಲ್ಕು ಜನರ ಹತ್ತಿರ ಇಂಥವೇ ಇವೆ, ನಾಳೆಯ ಬಸ್ಸಿಗೆ ಎಲ್ಲರನ್ನೂ ಹತ್ತಿಸಿ ಕರೆದುಕೊಂಡು ಬರಲಾ ಎಂದಳು. ಒಂದೇ ಬಸ್ಸಿನಲ್ಲಿ, ಎಲ್ಲರ ತೊಡೆಯ ಮೇಲೂ. ಬೇಡ ಎಂದೆ. ಯಾರೂ ಅಲುಗಾಡಿಸುವುದು ಬೇಡ, ವೈರು ಕಿತ್ತು, ಮನೆಯ ಹೊರಗೆ, ಬರಿ ನೆಲದ ಮೇಲೆ, ನೆರಳಿನಲ್ಲಿ ಇಡಿ, ನಾನೇ ಬರುತ್ತೇನೆ ಎಂದೆ. ಮರೆತಾಳೆಂದು ಎರಡು ಸಲ ಹೇಳಿದೆ, ಅವಳಿಂದಲೂ ಹೇಳಿಸಿದೆ. ಹೊರಗೆ, ಬರಿ ನೆಲ, ನೆರಳು. ಸರಿಯಾಗಿ ಒಪ್ಪಿಸಿದಳು.

ಈಗ ಹೊಳೆ ದಾಟಿ ಮರಳಿನ ಬಕೆಟ್ಟು ಹೊತ್ತುಕೊಂಡು ಹೋಗಬೇಕು. ಬಸ್ಸಿನಲ್ಲಿ ಆಗದು. ಮಾವನ ತಳ್ಳುಗಾಡಿ ಬೇಕು, ತಳ್ಳಲು ಮಾವನೂ ಬೇಕು. ಸೇತುವೆಯ ಏರಿನಲ್ಲಿ ಒಬ್ಬಳ ಕೈಲಾಗದು. ಕೇಳಿದರೆ ನಿನಗೇನು ಹುಚ್ಚಾ, ಅವರೇನು ನಮ್ಮ ಗಿರಾಕಿಗಳಾ ಅನ್ನುತ್ತಾನೆ. ಒಂದು ಗಂಟೆ ಜಗಳವಾಡಬೇಕು. ನೆನೆಸಿಕೊಂಡರೇ ಸುಸ್ತಾಗುತ್ತದೆ. ನಾಳೆ ಬಿಸಿಲು ಏರುವ ಮೊದಲೇ ಹೊರಡಬೇಕು, ಪುಸ್ತಕ ಮುಚ್ಚಿ ಬಕೆಟ್ಟು ತುಂಬುತ್ತೇನೆ.